ತಂದೆ-ತಾಯಿಯ ಪಕ್ಕದಲ್ಲಿ ಇನ್ನೊಬ್ಬರು

ಅರಸಿನ ಕುಂಕುಮದ ದಿನ ಐದು ನಿಮಿಷ ಮಾತನಾಡಬೇಕು ಎಂದು ಮಹಿಳಾ ವಿಭಾಗದವರು ಹೇಳಿದಾಗ, ಕಂಪ್ಯೂಟರ್ ಬಗ್ಗೆ ಹೇಳಲೇ ಎಂದು ಕೇಳಿದೆ. "ಅದು ಬೇಡಮ್ಮ, ಮನೆ ಮಕ್ಕಳ ವಿಷಯ ಹೇಳು" ಎಂದರು. ಹಾಗಾಗಿ ಅದನ್ನೇ ತಂದಿದ್ದೇನೆ.

ಅಂಬರನಾಥದ ನಮ್ಮ ಕಟ್ಟಡದಲ್ಲಿ ಪಕ್ಕದ ಮನೆಯವಳು ಉಡುಪಿ ಕಡೆಯ ಕ್ಯಾಥೋಲಿಕ್ ಹುಡುಗಿ. ನನ್ನನ್ನು ಅಕ್ಕ ಎನ್ನುತ್ತಾಳೆ. ಎರಡು ವರ್ಷದ ಹಿಂದೆ ಅವಳ ಮಗುವಿನ ದೀಕ್ಷಾಸ್ನಾನ ನಿಶ್ಚಯವಾದಾಗ, "ಅಕ್ಕಾ, ನೀವೇ ಗಾಡ್‌ಮದರ್ ಆಗಬೇಕು" ಎಂದಳು. ಗಾಡ್‌ಫಾದರ್ ಎಂದರೆ ನನಗೆ ಗೊತ್ತಿದ್ದದ್ದು ಸಿನಿಮಾದ ಡಾನ್, ಇಲ್ಲವೇ ಆಫೀಸಿನಲ್ಲಿ ಪ್ರಮೋಷನ್ ಕೊಡಿಸುವ ದೊಡ್ಡ ಮನುಷ್ಯ! ಆದರೂ ಖುಷಿಯಿಂದ ಒಪ್ಪಿ ಸೀರೆಯನ್ನೂ ತೆಗೆದಿಟ್ಟೆ. ಚರ್ಚಿನ ಪಾದ್ರಿಗಳು ಮಾತ್ರ, ಆಗುವುದಿಲ್ಲ ಎಂದು ನಯವಾಗಿ ಹೇಳಿದರಂತೆ.

ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನಿಯಮ ಓದಿದೆ. ಕ್ಯಾಥೋಲಿಕ್ ಚರ್ಚಿನ 1983ರ ಧರ್ಮಸಂಹಿತೆಯಲ್ಲಿ ಇದಕ್ಕೆಂದೇ 872ರಿಂದ 874ರವರೆಗೆ ಮೂರು ಕಲಮುಗಳಿವೆ. ಒಬ್ಬರು ಸಾಕು, ಇಬ್ಬರಾದರೆ ಒಂದು ಗಂಡು, ಒಂದು ಹೆಣ್ಣು. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ಕ್ಯಾಥೋಲಿಕರಾಗಿ ದೃಢೀಕರಣ ಪಡೆದು ನಂಬಿಕೆಗೆ ತಕ್ಕಂತೆ ಬದುಕುತ್ತಿರಬೇಕು. ಮಗುವಿನ ಸ್ವಂತ ತಂದೆ-ತಾಯಿ ಆಗಿರಕೂಡದು. ಬೇರೆ ಪಂಥದ ಕ್ರೈಸ್ತರು ಸಾಕ್ಷಿಯಾಗಿ ನಿಲ್ಲಬಹುದು, ಅದೂ ಒಬ್ಬ ಕ್ಯಾಥೋಲಿಕರ ಜೊತೆಗೆ. ಮಗುವನ್ನು ಆ ಧರ್ಮದಲ್ಲಿ ಬೆಳೆಸಲು ನೆರವಾಗುವುದೇ ಕೆಲಸವಾದರೆ, ಅವರ ಒಂದು ಪ್ರಾರ್ಥನೆಯೂ ಬಾರದ ನಾನು ಏನು ಕಲಿಸಲಿ? ಪಾದ್ರಿಗಳು ಹೇಳಿದ್ದು ಸರಿಯೇ.

ನಮ್ಮಲ್ಲಿ ಆ ಜಾಗಕ್ಕೆ ಹತ್ತಿರದವನು ಸೋದರಮಾವ. ನನ್ನ ಮಗಳ ಕಿವಿ ಚುಚ್ಚಿಸಿದ್ದು ದಾವಣಗೆರೆಯಲ್ಲಿ, ನನ್ನ ತಮ್ಮನ ತೊಡೆಯ ಮೇಲೆ. ಅವಳಿಗಿಂತ ಅವನೇ ಹೆಚ್ಚು ಅತ್ತ. ಅಳಿಯಸಂತಾನದ ಮನೆಗಳಲ್ಲಿ ಮಾವನ ಮಾತಿಗೆ ಎಷ್ಟು ತೂಕವಿತ್ತು ಎಂದು ಇಲ್ಲಿರುವ ತುಳುನಾಡಿನ ಅಕ್ಕಂದಿರಿಗೆ ನಾನು ಹೇಳಬೇಕಿಲ್ಲ. ಆದರೆ ಮಾವನ ಅರ್ಹತೆಯನ್ನು ಯಾರೂ ಕೇಳುವುದಿಲ್ಲ. ತಾಯಿಯ ಒಡಹುಟ್ಟಿದವನಾದರೆ ಆಯಿತು. ಅವನು ಎಲ್ಲಿರುತ್ತಾನೆ, ಕರೆದರೆ ಬರಬಲ್ಲನೇ ಎಂದು ನಾವೂ ಯೋಚಿಸಿರಲಿಲ್ಲ.

ಕಳೆದ ಜುಲೈನ ಒಂದು ಸಂಜೆ ಮಳೆಗೆ ಲೋಕಲ್ ನಿಂತಿತು. ನಾನು ಥಾಣೆಯಲ್ಲಿ, ನಮ್ಮ ಮನೆಯವರು ದಾದರಿನಲ್ಲಿ. ಪಕ್ಕದ ಮನೆಯವಳು ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು, ಕೊಡೆ ಹಿಡಿದು ನನ್ನ ಮಗಳನ್ನು ಕರೆತರಲು ಶಾಲೆಗೆ ಹೋದಳು. ರಿಜಿಸ್ಟರಿನಲ್ಲಿ ಹೆಸರಿಲ್ಲ ಎಂದು ಶಾಲೆಯವರು ಮಗುವನ್ನು ಬಿಡಲಿಲ್ಲ. ಅಲ್ಲಿ ನಾನು ಬರೆಸಿದ್ದದ್ದು ತಮ್ಮನ ಹೆಸರು, ದಾವಣಗೆರೆಯ ನಂಬರು! ಕೊನೆಗೆ ಅವನೇ ಅಲ್ಲಿಂದ ಫೋನಿನಲ್ಲಿ ಮಾತನಾಡಿ ಒಪ್ಪಿಸುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಶಾಲೆಯದು ತಪ್ಪಲ್ಲ. ತಪ್ಪು ಫಾರಂ ತುಂಬಿದ ಎಂ.ಟೆಕ್. ತಾಯಿಯದು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನಾವಿಬ್ಬರೂ ಮನೆಗೆ ಬಾರದೇ ಹೋಗಿದ್ದರೆ? ಗಾಡ್‌ಮದರ್ ಆಗಲಿ, ಸೋದರಮಾವನಾಗಲಿ, ತಾವಾಗಿಯೇ ಕಾನೂನಿನ ಪಾಲಕರಾಗುವುದಿಲ್ಲ. ಹಿಂದೂ ಮಕ್ಕಳ ಪಾಲಕತ್ವದ 1956ರ ಕಾಯ್ದೆ ತಂದೆ, ಅವನ ನಂತರ ತಾಯಿ ಎನ್ನುತ್ತದೆ. ಲೇಖಕಿ ಗೀತಾ ಹರಿಹರನ್ ಹೂಡಿದ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, 'ನಂತರ' ಎಂದರೆ ತಂದೆ ತೀರಿಕೊಂಡ ಮೇಲೆ ಎಂದಷ್ಟೇ ಅಲ್ಲ, ಅವನು ಹೊಣೆ ಹೊರದಿದ್ದಾಗಲೂ ಎಂದು ಬಿಡಿಸಿ ಹೇಳಿತು. ಇಬ್ಬರೂ ಇಲ್ಲದಾಗ ಯಾರು ಎಂಬುದನ್ನು 9ನೇ ಕಲಮಿನಂತೆ ಉಯಿಲಿನಲ್ಲಿ ಬರೆದಿಡಬಹುದು. ಬರೆಯದಿದ್ದರೆ ಯಾರಾದರೂ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ 1890ರ ಕಾಯ್ದೆಯಂತೆ ಮಗುವಿನ ಹಿತ ನೋಡುತ್ತಾರೆ. ಅದರ ವಯಸ್ಸು, ಧರ್ಮ, ಪಾಲಕರಾಗುವವರ ನಡತೆ, ಸಾಮರ್ಥ್ಯ, ರಕ್ತಸಂಬಂಧ, ತೀರಿಕೊಂಡವರ ಇಚ್ಛೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು.

ಶಾಲೆಯ ಫಾರಂ ಅದೇ ವಾರ ತಿದ್ದಿದೆ. ಪಕ್ಕದ ಮನೆಯವಳ ಹೆಸರು ಈಗ ಫೋಟೊ ಸಮೇತ ಇದೆ. ಅವಳ ಮಗುವಿನ ಪಾಳಣಾಘರದ ಫಾರಂನಲ್ಲಿ ನನ್ನ ಹೆಸರಿದೆ. ಸಂಬಂಧ ಎಂಬಲ್ಲಿ 'ದೊಡ್ಡಮ್ಮ' ಎಂದು ಬರೆದಿದ್ದಾಳೆ. ಅದಕ್ಕೆ ಯಾರೂ ಅಡ್ಡಿ ಹೇಳಲಿಲ್ಲ.

ಉಯಿಲು ಇನ್ನೂ ಆಗಿಲ್ಲ. ನನ್ನ ತಮ್ಮ ಎಂದು ನಾನು, ಪುಣೆಯಲ್ಲಿರುವ ತಮ್ಮ ತಂಗಿ ಎಂದು ನಮ್ಮ ಮನೆಯವರು. ಮೊನ್ನೆ ಈ ಚರ್ಚೆ ಕಿವಿಗೆ ಬಿದ್ದು ಮಗಳು, "ಮಾಮನ್ನ ಕೇಳಿದ್ಯೇನಮ್ಮಾ?" ಎಂದಳು. ಕೇಳಿಲ್ಲ. ಯುಗಾದಿಗೆ ಊರಿಗೆ ಹೋದಾಗ ಕೇಳಬೇಕು.