ಹನ್ನೊಂದು ಅಂಗಡಿ, ಒಂದು ಚೀಟಿ
(ಗಿರಣಿ ಕಾರ್ಮಿಕರ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು ಕೇಳಲು ನೀವು ಬಂದಿರುವಿರಿ. ಅದು ಮುಂದಿನ ವಾರಕ್ಕಿರಲಿ. ಇಂದು ನಾವು ಒಂದು ಗುಳಿಗೆಯ ವಿಷಯ ಹೇಳಬೇಕಾಗಿದೆ.

ನೂಲುವ ಖಾತೆಯ ನಮ್ಮ ಸಂಗಾತಿಯೊಬ್ಬರ ತಂದೆಗೆ ಬಾಯಿಯ ಕ್ಯಾನ್ಸರ್. ಇನ್ನು ಕತ್ತರಿಸಿ ಫಲವಿಲ್ಲ, ನೋವಿಲ್ಲದಂತೆ ನೋಡಿಕೊಳ್ಳಿ ಎಂದು ಬೆಂಗಳೂರಿನ ಡಾಕ್ಟರು ಮಾರ್ಫೀನ್ ಗುಳಿಗೆ ಬರೆದುಕೊಟ್ಟರು. ನಾಲ್ಕು ಗಂಟೆಗೊಂದು. ಅಲ್ಲಿ ಕೊಟ್ಟದ್ದು ಮುಗಿಯುತ್ತ ಬಂದಾಗ ನಾವು ಮೂವರು ಚೀಟಿ ಹಿಡಿದು ಊರು ಸುತ್ತಿದೆವು. ಬಸ್ ನಿಲ್ದಾಣದಿಂದ ಆಸ್ಪತ್ರೆ ರಸ್ತೆಯ ಕೊನೆಯವರೆಗೆ ಹನ್ನೊಂದು ಅಂಗಡಿ. ಒಬ್ಬರು ಚೀಟಿ ನೋಡಿ ನಮ್ಮ ಮುಖ ನೋಡಿದರು. ಒಬ್ಬರು, "ಇದನ್ನಿಟ್ಟರೆ ಪೊಲೀಸಿನವರು ಬರುತ್ತಾರೆ, ಬೇಡಪ್ಪ" ಎಂದರು. ಮತ್ತೊಬ್ಬರು ಸಾಧಾರಣ ತಲೆನೋವಿನ ಗುಳಿಗೆ ತೆಗೆದಿಟ್ಟು, "ಎರಡೆರಡು ಕೊಡಿ, ಸಾಕು" ಎಂದರು. ಮನೆಗೆ ಬರಿಗೈಯಲ್ಲಿ ಹಿಂತಿರುಗಿದಾಗ ಮುದುಕರು ಗೋಡೆಗೆ ಹಣೆಯೊತ್ತಿ ಕುಳಿತಿದ್ದರು. ಸೊಸೆ ಏನೂ ಕೇಳಲಿಲ್ಲ. ನಮ್ಮ ಕೈ ನೋಡಿ ಒಳಗೆ ಹೋದರು.

ಈ ಗುಳಿಗೆ ಯಾವ ದೇಶದಿಂದ ಬರಬೇಕು? ಎಲ್ಲಿಂದಲೂ ಬರಬೇಕಾಗಿಲ್ಲ. ನಮ್ಮ ತಾಯಂದಿರು ಹಬ್ಬಕ್ಕೆ ಪಾಯಸ ಮಾಡುವ ಗಸಗಸೆಯ ಗಿಡದ್ದೇ ಕಾಯಿಗೆ ಗೀರು ಹಾಕಿದರೆ ಸುರಿಯುವ ಹಾಲು ಅಫೀಮು. ಅದರಿಂದ ತೆಗೆದದ್ದು ಮಾರ್ಫೀನ್. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ರೈತರು ಸರ್ಕಾರದ ಲೈಸೆನ್ಸ್ ಪಡೆದು ಅದನ್ನು ಬೆಳೆಯುತ್ತಾರೆ. ಗಾಜೀಪುರದಲ್ಲಿಯೂ ನೀಮಚ್‌ನಲ್ಲಿಯೂ ಸರ್ಕಾರದ್ದೇ ಕಾರ್ಖಾನೆಗಳಿವೆ. ಗಾಜೀಪುರದ್ದನ್ನು ಈಸ್ಟ್ ಇಂಡಿಯಾ ಕಂಪನಿ 1820ರಲ್ಲಿ ಕಟ್ಟಿತು. ಅಂದು ಚೀನಾದವರನ್ನು ಚಟಕ್ಕೆ ಕೆಡವಿ ಹಣ ಮಾಡಿದ ಅದೇ ಬೆಳೆ, ಇಂದು ಪರದೇಶದ ಔಷಧ ಕಂಪನಿಗಳಿಗೆ ಹಡಗು ಹತ್ತುತ್ತದೆ. ನಮ್ಮ ರೈತ ಬೆಳೆದದ್ದು ಹೊರಗಿನ ರೋಗಿಗೆ ದೊರೆಯುತ್ತದೆ, ನಮ್ಮ ಊರಿನ ಮುದುಕನಿಗೆ ದೊರೆಯದು. ಬೆಲೆ ಹೆಚ್ಚೆಂದು ತಿಳಿಯಬೇಡಿ. ಇದು ಅಗ್ಗದ ಗುಳಿಗೆ. ಅಗ್ಗವಾದುದರಿಂದಲೇ ಮಾರುವವನಿಗೆ ಲಾಭವಿಲ್ಲ, ಭಯ ಮಾತ್ರ ಇದೆ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅಂಗಡಿಕಾರ ಮಿತ್ರರನ್ನು ಬೈಯಲು ನಾವು ಇಲ್ಲಿ ನಿಂತಿಲ್ಲ. 1985ರಲ್ಲಿ ಮಾದಕ ಪದಾರ್ಥಗಳ ಕಾಯಿದೆ ಬಂತು. ಕಳ್ಳಸಾಗಣೆಗಾರನಿಗೆಂದು ಬೀಸಿದ ಬಲೆ. ಕನಿಷ್ಠ ಹತ್ತು ವರ್ಷದ ಸೆರೆಮನೆ ಎಂಬುದು ಅದರಲ್ಲಿತ್ತು. ತೂಕಕ್ಕೆ ತಕ್ಕ ಶಿಕ್ಷೆ ಎಂಬ ವಿವೇಕ ಬಂದದ್ದು 2001ರ ತಿದ್ದುಪಡಿಯಲ್ಲಿ. ಮೇಲಾಗಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಒಂದು ಆಸ್ಪತ್ರೆ ನಾಲ್ಕು ಡಬ್ಬಿ ಗುಳಿಗೆ ತರಿಸಬೇಕಾದರೆ ಹಲವು ಇಲಾಖೆಗಳ ಹಲವು ಲೈಸೆನ್ಸು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ವಾಯಿದೆ ಮುಗಿದಿರುತ್ತಿತ್ತು. ದೊಡ್ಡ ಕಳ್ಳ ಬಲೆಯಿಂದ ಜಾರಿದ, ರೋಗಿ ಸಿಕ್ಕಿಕೊಂಡ. ಒಂದು ತಲೆಮಾರಿನ ವೈದ್ಯರು ಮಾರ್ಫೀನ್ ಬರೆಯುವುದನ್ನೇ ಕಲಿಯದೆ ಓದು ಮುಗಿಸಿದರು.

2014ರಲ್ಲಿ ಪಾರ್ಲಿಮೆಂಟು ಈ ಕಾಯಿದೆಯನ್ನು ಮತ್ತೆ ತಿದ್ದಿತು. ಮಾರ್ಫೀನ್ ಮೊದಲಾದ ಆರು ಔಷಧಗಳನ್ನು ಅತ್ಯವಶ್ಯಕವೆಂದು ಬೇರೆ ಮಾಡಿ ದೇಶಕ್ಕೆಲ್ಲ ಒಂದೇ ನಿಯಮವೆಂದರು. ಈಗ ತರಬೇತಿ ಪಡೆದ ವೈದ್ಯರೊಬ್ಬರಿರುವ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ದೊರೆತರೆ ಸಾಕು. ಲೆಕ್ಕದ ಪುಸ್ತಕ ಸರಿಯಾಗಿಟ್ಟು ಗುಳಿಗೆ ಕೊಡಬಹುದು. ಕಾಯಿದೆ ಬದಲಾಯಿತು, ಆದರೆ ಆಸ್ಪತ್ರೆ ರಸ್ತೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ!

ಪಕ್ಕದ ಕೇರಳವನ್ನು ನೋಡಿ. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ರಾಜಗೋಪಾಲ್ ಮತ್ತು ಅವರ ಗೆಳೆಯರು ನೋವಿನ ಚಿಕಿತ್ಸಾಲಯ ತೆರೆದರು. ಆಮೇಲೆ ಊರೂರಿನ ಜನರೇ ಚಿಲ್ಲರೆ ಕಾಸು ಕೂಡಿಸಿ, ಸ್ವಯಂಸೇವಕರಾಗಿ ರೋಗಿಯ ಮನೆ ಬಾಗಿಲಿಗೆ ಹೋಗತೊಡಗಿದರು. ಅಲ್ಲಿನ ಜನ ನಮಗಿಂತ ಶ್ರೀಮಂತರೆಂದು ಇದು ಆಗಲಿಲ್ಲ.

"ಚಟ ಹತ್ತುವುದಿಲ್ಲವೆ?" ಎಂದು ಯಾರೋ ಕೇಳಿದರು. ಕ್ಯಾನ್ಸರಿನ ನೋವಿಗೆ ವೈದ್ಯರು ಅಳೆದು ಕೊಟ್ಟಾಗ ಚಟ ಹತ್ತುವುದು ಅಪರೂಪ. ಆದರೆ ಥಟ್ಟನೆ ನಿಲ್ಲಿಸಬಾರದು, ತಾವಾಗಿ ಹೆಚ್ಚಿಸಲೂ ಬಾರದು. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೂ ಔಷಧ ಕೇಳಿ ಬರೆಸಿಕೊಳ್ಳಿ. ಗುಳಿಗೆಯನ್ನು ಬೀಗ ಹಾಕಿಡಿ. ಉಳಿದರೆ ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ. ಚೀಟಿಯ ಅಸಲನ್ನು ಯಾರಿಗೂ ಬಿಟ್ಟುಕೊಡಬೇಡಿ. ನಮ್ಮಂತೆ ಅಂಗಡಿಯಿಂದ ಅಂಗಡಿಗೆ ಅಲೆಯುವುದಕ್ಕೆ ಮೊದಲು, ಬರೆದುಕೊಟ್ಟ ಆಸ್ಪತ್ರೆಗೇ ಫೋನು ಮಾಡಿ, ಹತ್ತಿರದಲ್ಲಿ ಮಾನ್ಯತೆಯಿರುವ ಕಡೆ ಯಾವುದೆಂದು ಕೇಳಿ. ಈ ಬುದ್ಧಿ ನಮಗೆ ಹನ್ನೊಂದನೆಯ ಅಂಗಡಿಯ ಮೆಟ್ಟಿಲಿಳಿದ ಮೇಲೆ ಬಂತು.

ಆ ರಾತ್ರಿಯ ಬಸ್ಸಿಗೇ ಮಗ ಬೆಂಗಳೂರಿಗೆ ಹೋದರು. ಎರಡು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಗುಳಿಗೆ ತಂದರು. ಮುದುಕರು ಅಂದು ಗಂಜಿ ಕುಡಿದು ಮಲಗಿದರು. ಆ ಗುಳಿಗೆ ಇನ್ನು ಒಂಬತ್ತು ದಿನಕ್ಕಿದೆ.

ನಮ್ಮ ಜಿಲ್ಲಾ ಆಸ್ಪತ್ರೆ ಮಾನ್ಯತೆಗೆ ಬರೆಯಬೇಕು, ಒಬ್ಬ ವೈದ್ಯರನ್ನು ತರಬೇತಿಗೆ ಕಳಿಸಬೇಕು ಎಂಬ ಮನವಿ ಈ ಮೇಜಿನ ಮೇಲಿದೆ. ಸೋಮವಾರ ಹತ್ತು ಗಂಟೆಗೆ ಒಯ್ಯುತ್ತೇವೆ. ಎರಡನೆಯ ಪಾಳಿಯವರು ಬರಲಿ. ಆ ಹನ್ನೊಂದು ಅಂಗಡಿಯವರನ್ನೂ ಕರೆದಿದ್ದೇವೆ, ಮೂವರು ಬರುತ್ತೇವೆಂದಿದ್ದಾರೆ.