ಮೇಲಿನ ಗದ್ದೆ, ಕೆಳಗಿನ ಗದ್ದೆ
(ಉಪನ್ಯಾಸದ ಲಿಖಿತ ರೂಪ)



ಆಟ ಎಂದೊಡನೆ ನಮ್ಮ ಮನಸ್ಸಿಗೆ ಚೆನ್ನೆಮಣೆಯೋ ಇಸ್ಪೀಟೋ ಬರುತ್ತದೆ. ಗಣಿತಜ್ಞರು ಹೇಳುವ ಆಟವೂ ಅದಕ್ಕಿಂತ ಬಹಳ ದೂರವಿಲ್ಲ. ನನಗೆ ದೊರೆಯುವ ಫಲವು ನನ್ನ ನಡೆಯಿಂದ ಮಾತ್ರವಲ್ಲದೆ ನಿಮ್ಮ ನಡೆಯಿಂದಲೂ ನಿರ್ಧಾರವಾಗುವ ಯಾವುದೇ ಸನ್ನಿವೇಶವನ್ನು ಅವರು ಆಟವೆನ್ನುತ್ತಾರೆ. ಒಂದೇ ಹಳ್ಳದ ನೀರನ್ನು ನಂಬಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವಶಾಸ್ತ್ರಜ್ಞರು, ಎಲ್ಲರಿಗೂ ಮುಕ್ತವಾದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡುತ್ತಲೇ ಹೋಗುತ್ತಾನೆ, ಕೊನೆಗೆ ಎಲ್ಲರೂ ಕೆಡುತ್ತಾರೆ ಎಂದು ಬರೆದರು. ಸರ್ಕಾರದ ಹತೋಟಿ ಇಲ್ಲವೇ ಖಾಸಗಿ ಒಡೆತನ, ಇವೆರಡೇ ದಾರಿಯೆಂದು ಅನೇಕರು ಭಾವಿಸಿದರು. ಬಳಸುವವರೇ ಕಟ್ಟಿಕೊಂಡ ಕಟ್ಟುಪಾಡುಗಳು ಶತಮಾನಗಳ ಕಾಲ ಬಾಳಿದ್ದನ್ನು ಎಲಿನಾರ್ ಆಸ್ಟ್ರಮ್ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ನಾನಿಂದು ಹೇಳಹೊರಟಿರುವುದು ಬಾಲಿ ದ್ವೀಪದ ಭತ್ತದ ಗದ್ದೆಗಳ ವಿಚಾರ.

ಅಲ್ಲಿ ಗುಡ್ಡದ ಇಳಿಜಾರಿನ ಮೆಟ್ಟಿಲುಗದ್ದೆಗಳಿಗೆ ನೀರು ಮೇಲಿನಿಂದ ಕೆಳಕ್ಕೆ ಹರಿದು ಬರುತ್ತದೆ. ರೈತರ ನೀರಾವರಿ ಸಂಘಗಳಿಗೆ ಸುಬಕ್ ಎಂದು ಹೆಸರು. ನಾಟಿಯ ಕಾಲವನ್ನು ಸಂಘಗಳು ಜಲದೇವಾಲಯಗಳಲ್ಲಿ ಕೂಡಿ ನಿರ್ಣಯಿಸುತ್ತವೆ. ಮೇಲಿನವನಿಗೆ ನೀರಿನ ಕೊರತೆಯೇ ಇಲ್ಲ; ಹಾಗಿದ್ದೂ ಅವನು ಕೆಳಗಿನವನಿಗೆ ನೀರು ಬಿಡುವುದೇಕೆ? ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಅರ್ಥಶಾಸ್ತ್ರಜ್ಞ ಜಾನ್ ಮಿಲ್ಲರ್ ಇದಕ್ಕೆ ಆಟದ ಸಿದ್ಧಾಂತದಿಂದ ಉತ್ತರ ಹುಡುಕಿದರು. ಅವರ ಉತ್ತರದಲ್ಲಿ ಮುಖ್ಯ ಪಾತ್ರಧಾರಿ ಕೀಟ!

ಅಕ್ಕಪಕ್ಕದ ಗದ್ದೆಗಳೆಲ್ಲ ಏಕಕಾಲಕ್ಕೆ ಕೊಯ್ಲಾಗಿ ಬರಿದಾದರೆ ಕೀಟಗಳಿಗೆ ಆಹಾರವಿಲ್ಲ. ಬೇರೆ ಬೇರೆ ಕಾಲಕ್ಕೆ ನಾಟಿಯಾದರೆ ಅವು ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟುತ್ತ ಬೆಳೆಯುತ್ತವೆ. ಆದರೆ ಒಟ್ಟಿಗೆ ನಾಟಿ ಮಾಡಿದರೆ ಕೆಳಗೆ ನೀರು ಸಾಲದು. ನಾನೇ ಕಲ್ಪಿಸಿಕೊಂಡ ಒಂದು ಲೆಕ್ಕವನ್ನು ನೋಡೋಣ. ಪೂರ್ಣ ಬೆಳೆ ತಲಾ 10 ಮೂಟೆ. ಬೇರೆ ಬೇರೆ ಕಾಲಕ್ಕೆ ನೆಟ್ಟರೆ ಕೀಟದಿಂದ ಇಬ್ಬರಿಗೂ 4 ಮೂಟೆ ನಷ್ಟ, ಉಳಿಯುವುದು ಆರಾರು. ಒಟ್ಟಿಗೆ ನೆಟ್ಟರೆ ಮೇಲಿನವನಿಗೆ 10. ಕೆಳಗಿನವನಿಗೆ ನೀರಿಲ್ಲದೆ 5 ಕಳೆದು 5. ಅವನೇಕೆ ಒಪ್ಪುತ್ತಾನೆ? ಮೇಲಿನವನು ತನಗೆ 1 ಮೂಟೆ ಹೋದರೂ ಸರಿಯೆಂದು ಒಂದಿಷ್ಟು ನೀರು ಬಿಟ್ಟು, ಕೆಳಗಿನವನ ನಷ್ಟ 3ಕ್ಕೆ ಇಳಿದರೆ, ಇವನಿಗೆ 9, ಅವನಿಗೆ 7. ಇಬ್ಬರಿಗೂ ಆರಕ್ಕಿಂತ ಹೆಚ್ಚು. ನಾಟಿಯಾದ ಮೇಲೆ ಮಾತಿಗೆ ತಪ್ಪಿ ನೀರು ಕಟ್ಟಿಕೊಂಡರೆ ಬರುವ ಬೆಳೆಗೆ ಕೆಳಗಿನವನು ಬೇರೆ ಕಾಲಕ್ಕೆ ನೆಡುತ್ತಾನೆ. ವರ್ಷವರ್ಷವೂ ಮರುಕಳಿಸುವ ಆಟದಲ್ಲಿ ವಚನಕ್ಕೆ ಬೆಲೆ ಬರುವುದು ಹೀಗೆ. ಲ್ಯಾನ್ಸಿಂಗ್ ರೈತರನ್ನೇ ಕೇಳಿದಾಗ ಮೇಲಿನವರು ಹೆಚ್ಚಾಗಿ ಕೀಟಕ್ಕೆ, ಕೆಳಗಿನವರು ನೀರಿನ ಕೊರತೆಗೆ ಅಂಜುವುದಾಗಿ ಹೇಳಿದರಂತೆ.

1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳು ಹೊಸ ತಳಿಗಳನ್ನು ಕೊಟ್ಟು, ಸಾಧ್ಯವಾದಷ್ಟು ಸಲ ನಾಟಿ ಮಾಡಿರೆಂದರು. ದೇವಾಲಯದ ಕಾಲಗಣನೆ ಮೂಲೆಗೆ ಬಿತ್ತು. ಹಿಂದೆಯೇ ನೀರಿನ ಜಗಳ, ಕೀಟಗಳ ಹಾವಳಿ. ನನ್ನಂಥ ಕೃಷಿವಿಜ್ಞಾನಿಗಳೇ ಮಾಡಿದ ಕೆಲಸವದು. ಪೂಜೆಯನ್ನು ಕಂಡರು, ಪೂಜೆಯೊಳಗಿನ ಲೆಕ್ಕವನ್ನು ಕಾಣಲಿಲ್ಲ. 2012ರಲ್ಲಿ ಯುನೆಸ್ಕೋ ಇದೇ ಸುಬಕ್ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ನಮ್ಮ ಕಣಿವೆಗೆ ಬರೋಣ. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಅಡಿಕೆಗೆ ವರ್ಷಕ್ಕೊಂದು ನಾಟಿಯಿಲ್ಲ. ಆದುದರಿಂದ ಕೆಳಗಿನವನ ಕೈಯಲ್ಲಿ ಬಾಲಿಯ ರೈತನಿಗಿರುವ ದಾಳವೂ ಇಲ್ಲ. ಮೇಲಿನ ಪಂಪು ಓಡಿದಷ್ಟೂ ಹೊತ್ತು ಅವನು ಕಾಯಬೇಕು. ಹಿಂದೆ ಎಲ್ಲರೂ ಕೂಡಿ ಹಳ್ಳಕ್ಕೆ ಕಟ್ಟು ಹಾಕುವಾಗ ಕೆಳಗಿನವನ ದುಡಿಮೆಯೂ ಬೇಕಿತ್ತು. ಪಂಪಿಗೆ ಅದು ಬೇಡ. ಒಂದು ಕೊಂಡಿ ಮಾತ್ರ ಉಳಿದಿದೆ, ಕೊಳೆರೋಗ. ಮದ್ದು ಹೊಡೆಯದೆ, ಉದುರಿದ ಕಾಯಿ ಹೆಕ್ಕದೆ ಬಿಟ್ಟ ಒಂದು ತೋಟದಿಂದ ರೋಗ ಪಕ್ಕದ ತೋಟಕ್ಕೂ ಹಬ್ಬುತ್ತದೆ. ನೀರಿಲ್ಲದೆ ಸೋತವನು ಮಳೆಗಾಲದಲ್ಲಿ ಕೊನೆಗೌಡನಿಗೆ ಕೂಲಿ ಕೊಟ್ಟು ಮದ್ದು ಹೊಡೆಸುವನೇ?

ನನ್ನ ತೋಟವಿರುವುದು ಹಳ್ಳದ ಮೇಲ್ಭಾಗದಲ್ಲಿ. ಒಂದು ಬೇಸಿಗೆಯಲ್ಲಿ ಕೆಳಗಿನ ಮನೆಯ ಹಿರಿಯರು ಬಂದು ಜಗುಲಿಯಲ್ಲಿ ಕುಳಿತು, ಕವಳ ಹಾಕಿಕೊಂಡು, "ತಮ್ಮಾ, ನಿನ್ನ ಪಂಪು ದಿನಕ್ಕೆ ಎಷ್ಟು ತಾಸು ಓಡುತ್ತದೆ?" ಎಂದು ಕೇಳಿದರು. ಹತ್ತು ತಾಸು ಎನ್ನಲು ನನಗೆ ನಾಚಿಕೆಯಾಯಿತು. ಈಗ ಮಾರ್ಚಿಯಿಂದ ಮಳೆ ಹಿಡಿಯುವವರೆಗೆ ನಾವು ದಿನ ಬಿಟ್ಟು ದಿನ ಪಂಪು ಹಾಕುತ್ತೇವೆ. ಮದ್ದಿಗೆ ಒಬ್ಬನೇ ಕೊನೆಗೌಡನನ್ನು ಎರಡೂ ತೋಟಗಳಿಗೆ ಗೊತ್ತುಮಾಡಿದ್ದೇವೆ. ನಮಗಿಂತಲೂ ಮೇಲೆ ಇನ್ನೊಂದು ಮನೆಯಿದೆ. ಅವರು ಇನ್ನೂ ಒಪ್ಪಿಲ್ಲ.