ಅತಿಥಿ ಸೇವೆ



ಶತಮಾನೋತ್ಸವದ ಈ ಶುಭದಿನದಂದು ನಾವು ದೂರದ ನ್ಯೂಯಾರ್ಕ್ ನಗರದ ಒಂದು ಸೇವಾಕಾರ್ಯವನ್ನು ಸ್ಮರಿಸಬಯಸುತ್ತೇವೆ. ಅಮೆರಿಕವು ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ 1933ರಲ್ಲಿ ಡೊರೊತಿ ಡೇ ಹಾಗೂ ಪೀಟರ್ ಮೌರಿನ್ ಎಂಬವರು 'ಕ್ಯಾಥೊಲಿಕ್ ವರ್ಕರ್' ಪತ್ರಿಕೆಯನ್ನು ಆರಂಭಿಸಿದರು. ಅದರ ಬೆನ್ನಲ್ಲೇ ಬೀದಿಪಾಲಾದವರಿಗಾಗಿ ಆತಿಥ್ಯಗೃಹಗಳು ತೆರೆದುವು. ಅಲ್ಲಿನ ಸ್ವಯಂಸೇವಕರಿಗೆ ಸಂಬಳವಿಲ್ಲ; ಸೂಪು ಬೇಯಿಸಿ ಬಡಿಸುವುದು, ಪಾತ್ರೆ ತೊಳೆಯುವುದು ಅವರ ಕಾಯಕ. ಬಾಗಿಲಿಗೆ ಬಂದವರನ್ನು ಅತಿಥಿಗಳೆಂದೇ ಕರೆಯುವರು. ಹಾಗೆ ಬಂದವರಲ್ಲಿ ಕೆಲವರು ಚೇತರಿಸಿಕೊಂಡು ತಾವೇ ಸೇವಕರಾಗಿ ನಿಂತದ್ದೂ ಉಂಟು. 1980ರ ನವೆಂಬರ್ 29ರಂದು ಡೊರೊತಿ ಡೇ ಕೊನೆಯುಸಿರೆಳೆದದ್ದು ಅಂಥದೊಂದು ಗೃಹದಲ್ಲಿಯೇ.

ಹಬ್ಬದಂದು ನಾವೂ ಅಕ್ಕಿ, ಬಟ್ಟೆ ಹಂಚುತ್ತೇವೆ. ಆದರೆ ಪಡೆದವರ ಹೆಸರನ್ನು ಕೇಳಿದ್ದೇವೆಯೇ? ಈ ತಪ್ಪಿಗೆ ಗುರುಗಳಾದ ನಾವೂ ಹೊರತಲ್ಲ. ಸೆರೆಮನೆಯಿಂದ ಮರಳಿದವನೋ ಕುಡಿತ ಬಿಟ್ಟವನೋ ಬಲಿಪೂಜೆಗೆ ಬಂದಾಗ, ನಮ್ಮ ಬೆಂಚಿನಲ್ಲಿ ಸರಿದು ಅವನಿಗೆ ಜಾಗ ಕೊಡುತ್ತೇವೆಯೇ? ನಮ್ಮ ಹಿರಿಯರು ಈ ದೇವಾಲಯಕ್ಕಾಗಿ ಕಲ್ಲು ಹೊತ್ತರು. ಬಿದ್ದ ಬಾಳನ್ನು ಮರಳಿ ಕಟ್ಟಿಕೊಳ್ಳುವವರಿಗೆ ವಾರದಲ್ಲಿ ಒಂದು ಸಂಜೆಯನ್ನಾದರೂ ನಾವು ಮೀಸಲಿಡೋಣ.

ಪ್ರಭು ಕ್ರಿಸ್ತರ ಆಶೀರ್ವಾದವು ನಿಮ್ಮೆಲ್ಲರ ಮೇಲಿರಲಿ.